ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ ಮೇಲೆ ಮೂರು ದಿನಕ್ಕೆ ಬ್ಯಾಟರಿ ಇಳಿಯುತ್ತಿದೆ: 2014ರ ಸ್ವಿಫ್ಟ್, ಸಲಹೆ ಬೇಕು

ಪ್ರಶ್ನೆ ಕೇಳಿದವರು (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2014ರ ಪೆಟ್ರೋಲ್ ಸ್ವಿಫ್ಟ್ ವಿಎಕ್ಸ್‌ಐ ಇದೆ. ಕಾರಿನ ಜೊತೆಗೇ ಬಂದಿದ್ದ ಸ್ಟೀರಿಯೊ ಹಾಳಾಗಿದ್ದರಿಂದ ಕಳೆದ ತಿಂಗಳು ಒಂಬತ್ತು ಇಂಚಿನ ಆಂಡ್ರಾಯ್ಡ್ ಟಚ್‌ಸ್ಕ್ರೀನ್ ಸ್ಟೀರಿಯೊ ಹಾಕಿಸಿದೆ. ಸ್ಟೀರಿಯೊ, ಫ್ರೇಮ್, ಹಿಂಬದಿಯ ಕ್ಯಾಮೆರಾ ಮತ್ತು ಕೂಲಿ ಎಲ್ಲವೂ ಸೇರಿ 9,500 ರೂಪಾಯಿ ಆಯಿತು. ಪೆಟ್ಟಿಗೆಯ ಮೇಲೆ 2 ಜಿಬಿ ರ‍್ಯಾಮ್, 32 ಜಿಬಿ ಮೆಮೊರಿ, ಆಂಡ್ರಾಯ್ಡ್ 13 ಎಂದು ಮುದ್ರಿಸಲಾಗಿದೆ.

ಮೊದಲ ವಾರ ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಮೂರು ದಿನ ಊರಿನಲ್ಲಿರಲಿಲ್ಲ, ಹಿಂತಿರುಗಿ ಬಂದು ನೋಡಿದರೆ ಸೆಲ್ಫ್ ಹೊಡೆಯಲಿಲ್ಲ, ಕಟಕಟ ಎಂಬ ಸದ್ದು ಮಾತ್ರ ಬಂತು. ಪಕ್ಕದ ಮನೆಯವರ ಕಾರಿನಿಂದ ಜಂಪರ್ ಕೇಬಲ್ ಹಾಕಿ ಸ್ಟಾರ್ಟ್ ಮಾಡಿಕೊಂಡೆವು. ಅದಾದ ಮೇಲೆ ಇದೇ ರೀತಿ ಇನ್ನೂ ಎರಡು ಬಾರಿ ಆಗಿದೆ. ಬ್ಯಾಟರಿ 35 ಆಂಪಿಯರ್-ಅವರ್‌ನದು, ತೆಗೆದುಕೊಂಡು ಎಂಟು ತಿಂಗಳಾಗಿದೆ, ಪರೀಕ್ಷಿಸಿದಾಗ ಅದರಲ್ಲಿ ದೋಷವಿಲ್ಲ ಎಂದು ತಿಳಿಯಿತು. ಸ್ಟೀರಿಯೊ ಹಾಕಿಕೊಟ್ಟವರನ್ನು ಕೇಳಿದರೆ ಆಂಡ್ರಾಯ್ಡ್ ಅಂದರೆ ಹೀಗೆಯೇ, ಕಾರು ನಿಲ್ಲಿಸುವಾಗ ಬ್ಯಾಟರಿಯ ತಂತಿ ಬಿಚ್ಚಿಡಿ ಎನ್ನುತ್ತಾರೆ. ಕಾರಿನ ಕೀಲಿ ತೆಗೆದರೂ ಪರದೆ ತಾನಾಗಿ ಆರುವುದಿಲ್ಲ, ಎಡಗಡೆಯ ಗುಂಡಿಯನ್ನು ಒತ್ತಿ ಹಿಡಿದು ನಾನೇ ಆರಿಸಬೇಕು. ಅದನ್ನು ಮರೆಯದೆ ಆರಿಸಿಯೇ ಇಳಿಯುತ್ತೇನೆ.

ಇದಲ್ಲದೆ ಇನ್ನೂ ಮೂರು ತೊಂದರೆಗಳಿವೆ. ನಮ್ಮ ತಂದೆಯವರು ದಿನವೂ ಕೇಳುವ ಮೈಸೂರು ಆಕಾಶವಾಣಿಯ 100.6ಕ್ಕೆ ರೇಡಿಯೊ ನಿಲ್ಲುವುದೇ ಇಲ್ಲ, 100.5 ಆದ ಮೇಲೆ ನೇರವಾಗಿ 100.7ಕ್ಕೆ ಹೋಗುತ್ತದೆ. ಹಿಂದಿನ ಸ್ಟೀರಿಯೊಗಿಂತ ಧ್ವನಿ ತೆಳುವಾಗಿದೆ, ಮೃದಂಗದ ಎಡಬದಿಯ ನಾದ ಕೇಳಿಸುವುದೇ ಇಲ್ಲ. ಹಿಂಬದಿಯ ಕ್ಯಾಮೆರಾದ ಚಿತ್ರ ಕಪ್ಪು-ಬಿಳುಪಾಗಿ ಮೇಲಿನಿಂದ ಕೆಳಕ್ಕೆ ಉರುಳುತ್ತಿರುತ್ತದೆ. ಇವೆಲ್ಲವೂ ಅಗ್ಗದ ಸ್ಟೀರಿಯೊದ ಗುಣವೇ, ಅಥವಾ ಸರಿಪಡಿಸಬಹುದೇ?

ಆಟೋ ಎಲೆಕ್ಟ್ರಿಷಿಯನ್ (ಹುಬ್ಬಳ್ಳಿ)

ಮೇಡಂ, ನಮಸ್ಕಾರ. ಇದು ಸ್ಟೀರಿಯೊದ ದೋಷವಲ್ಲ, ತಂತಿ ಜೋಡಿಸಿದ ರೀತಿಯ ದೋಷ ಎಂದು ನನಗೆ ಬಲವಾಗಿ ಅನಿಸುತ್ತದೆ. ಕೀಲಿ ತೆಗೆದ ಮೇಲೂ ಪರದೆ ತಾನಾಗಿ ಆರುವುದಿಲ್ಲ ಎಂದು ನೀವು ಬರೆದಿರುವ ಒಂದೇ ಮಾತು ಅದನ್ನು ಹೇಳುತ್ತಿದೆ.

ಈ ಸ್ಟೀರಿಯೊಗಳಿಗೆ ಪ್ಲಸ್ ವಿದ್ಯುತ್ತನ್ನು ಕೊಡುವ ತಂತಿಗಳು ಎರಡು. ಹಳದಿ ತಂತಿಗೆ ಬ್ಯಾಟರಿಯಿಂದ ಸದಾಕಾಲ 12 ವೋಲ್ಟ್ ಬರುತ್ತಿರಬೇಕು. ಗಡಿಯಾರ, ನೀವು ಉಳಿಸಿಟ್ಟ ರೇಡಿಯೊ ಕೇಂದ್ರಗಳು, ಸೆಟ್ಟಿಂಗ್‌ಗಳು ಅಳಿಯದೆ ಉಳಿಯುವುದು ಇದರಿಂದ. ಕೆಂಪು ತಂತಿ ಅಕ್ಸೆಸರಿಯದು, ಅದಕ್ಕೆ ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರಬೇಕು, ಕೀಲಿ ತೆಗೆದ ಕೂಡಲೇ ಸೊನ್ನೆಯಾಗಬೇಕು. ಕೆಂಪು ತಂತಿಯಲ್ಲಿ ವಿದ್ಯುತ್ ನಿಂತದ್ದನ್ನು ಕಂಡೇ ಸ್ಟೀರಿಯೊ ನಿದ್ದೆಗೆ ಜಾರುತ್ತದೆ. ಕಾರಿನ ಕಡೆಯ ಅಕ್ಸೆಸರಿ ತಂತಿಯನ್ನು ಹುಡುಕುವ ತಾಳ್ಮೆ ಇಲ್ಲದಿದ್ದಾಗ ಕೆಲವರು ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ತಿರುಚಿ ಬ್ಯಾಟರಿಯ ತಂತಿಗೆ ಕಟ್ಟಿಬಿಡುತ್ತಾರೆ. ಆಗ ಸ್ಟೀರಿಯೊ ಪಾಲಿಗೆ ಕಾರು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತಿರುವ ಹಾಗೆ. ನೀವು ಗುಂಡಿ ಒತ್ತಿ ಆರಿಸುವುದು ಪರದೆಯ ಬೆಳಕನ್ನಷ್ಟೇ, ಒಳಗಿನ ಯಂತ್ರ ಎಚ್ಚರವಾಗಿಯೇ ಇರುತ್ತದೆ.

ಊಹೆಯ ಮೇಲೆ ಏನನ್ನೂ ಬಿಚ್ಚಬೇಡಿ, ಮೊದಲು ಅಳತೆ ಮಾಡಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಸಾಕು. ಅದರ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ಮೈನಸ್ ತಂತಿಯನ್ನು ಹತ್ತು ನಂಬರಿನ ಪಾನಾದಿಂದ ಬಿಚ್ಚಿ, ಆ ತಂತಿಗೂ ಮೈನಸ್ ಕಂಬಕ್ಕೂ ನಡುವೆ ಮೀಟರ್ ಬರುವಂತೆ ಹಿಡಿಯಿರಿ. ಎಲ್ಲ ಬಾಗಿಲುಗಳು ಮುಚ್ಚಿರಬೇಕು, ಒಳಗಿನ ದೀಪ ಆರಿರಬೇಕು, ಕೀಲಿ ಹೊರಗಿರಬೇಕು. ಮೀಟರ್ ಜೋಡಿಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು, ಹೊಡೆದರೆ ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ. ಕಾರಿನ ಸ್ವಂತ ಕಂಪ್ಯೂಟರುಗಳು ಮಲಗುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಓದಿಕೊಳ್ಳಿ. 0.05 ಆಂಪಿಯರ್‌ಗಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. ಹೆಚ್ಚಿದ್ದರೆ ಸ್ಟೀರಿಯೊದ ಫ್ಯೂಸನ್ನು ಕಿತ್ತು, ಅಂಕಿ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಿ ಇಲ್ಲಿ ತಿಳಿಸಿ.

ಸಾಫ್ಟ್‌ವೇರ್ ಉದ್ಯೋಗಿ (ಬೆಂಗಳೂರು)

ವಿದ್ಯುತ್ತಿನ ವಿಷಯವನ್ನು ಹುಬ್ಬಳ್ಳಿಯವರು ಹೇಳಿದ್ದಾರೆ, ನಾನು ಪೆಟ್ಟಿಗೆಯ ಮೇಲಿನ ಆಂಡ್ರಾಯ್ಡ್ 13 ಎಂಬುದರ ಬಗ್ಗೆ ಬರೆಯುತ್ತೇನೆ. ಈ ಬೆಲೆಯ ಅನೇಕ ಸ್ಟೀರಿಯೊಗಳಲ್ಲಿ ಸೆಟ್ಟಿಂಗ್ಸ್ ಪುಟ ತೋರಿಸುವ ಆವೃತ್ತಿ ಬರಿಯ ಅಕ್ಷರ, ಅದನ್ನು ತಯಾರಕರು ಬೇಕಾದಂತೆ ಬದಲಿಸಿರುತ್ತಾರೆ. ಸಿಪಿಯು-ಜೆಡ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ಅದರಲ್ಲಿ ಎಪಿಐ ಲೆವೆಲ್ ಎಂಬ ಸಾಲನ್ನು ನೋಡಿ. ಅಲ್ಲಿ 33 ಎಂದಿದ್ದರೆ ನಿಜವಾಗಿಯೂ ಆಂಡ್ರಾಯ್ಡ್ 13, 29 ಎಂದಿದ್ದರೆ ಆಂಡ್ರಾಯ್ಡ್ 10, 27 ಎಂದಿದ್ದರೆ ಆಂಡ್ರಾಯ್ಡ್ 8.1. ಅದೇ ಆ್ಯಪಿನಲ್ಲಿ ಪ್ರೊಸೆಸರ್ ಯಾವುದೆಂಬುದೂ ಕಾಣುತ್ತದೆ. 8227ಎಲ್ ಎಂದಿದ್ದರೆ ಅದು ಕಾರ್ಟೆಕ್ಸ್ ಎ7 ಎಂಬ ನಾಲ್ಕು ಕೋರ್‌ಗಳ ಚಿಪ್, ಆ ಕೋರ್‌ನ ವಿನ್ಯಾಸ ಪ್ರಕಟವಾದದ್ದು 2011ರಲ್ಲಿ. ಯುಐಎಸ್7862 ಎಂದಿದ್ದರೆ ಎಂಟು ಕೋರ್‌ಗಳ ಬಹಳ ಉತ್ತಮವಾದ ಚಿಪ್, ಆದರೆ ನಿಮ್ಮ ಬೆಲೆಗೆ ಅದು ಸಿಕ್ಕಿರಲಾರದು.

ಹಳೆಯ ಚಿಪ್ ಎಂದು ಗೊತ್ತಾದರೂ ನಿರಾಶೆ ಬೇಡ. ನಕ್ಷೆ, ಹಾಡು, ಕರೆ ಎಲ್ಲವನ್ನೂ ಸ್ಟೀರಿಯೊದ ಮೇಲೆಯೇ ಓಡಿಸಲು ಹೋಗಬೇಡಿ. ಅದರಲ್ಲಿ ಝಡ್‌ಲಿಂಕ್ ಅಥವಾ ಅದೇ ಬಗೆಯ ಆ್ಯಪ್ ಇರುತ್ತದೆ, ಅದರ ಮೂಲಕ ಫೋನಿನ ಆಂಡ್ರಾಯ್ಡ್ ಆಟೋ ಬಳಸಿ. ಆಗ ಲೆಕ್ಕಾಚಾರವೆಲ್ಲ ಫೋನಿನಲ್ಲಿ ನಡೆಯುತ್ತದೆ, ಸ್ಟೀರಿಯೊ ಪರದೆಯ ಕೆಲಸವನ್ನಷ್ಟೇ ಮಾಡುತ್ತದೆ. ಮೊದಲ ಕೆಲವು ದಿನ ತಂತಿಯಿಂದಲೇ ಜೋಡಿಸಿ, ನಿಸ್ತಂತು ಜೋಡಣೆಯ ಗೋಜಿಗೆ ಆಮೇಲೆ ಹೋದರಾಯಿತು. ಹಾಡುಗಳ ಪೆನ್‌ಡ್ರೈವ್ ಕಾಣಿಸಿಕೊಳ್ಳದಿದ್ದರೆ ಅದನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ.

ಒಂದು ಎಚ್ಚರಿಕೆಯ ಮಾತು. ವೇಗ ಹೆಚ್ಚಿಸುತ್ತದೆ ಎಂದು ಯಾರೋ ಕೊಟ್ಟ ಫರ್ಮ್‌ವೇರನ್ನು (ಸ್ಟೀರಿಯೊವನ್ನು ನಡೆಸುವ ಮೂಲ ತಂತ್ರಾಂಶ) ದಯವಿಟ್ಟು ಹಾಕಬೇಡಿ. ಹೊರಗಿನಿಂದ ಒಂದೇ ರೀತಿ ಕಾಣುವ ಎರಡು ಸ್ಟೀರಿಯೊಗಳ ಒಳಗಿನ ಬೋರ್ಡ್ ಬೇರೆ ಇರಬಹುದು. ತಪ್ಪು ಫರ್ಮ್‌ವೇರ್ ಹಾಕಿದರೆ ಪರದೆಗೆ ಮತ್ತೆ ಜೀವ ಬರುವುದೇ ಕಷ್ಟ.

ಪ್ರಶ್ನೆ ಕೇಳಿದವರು (ಮೈಸೂರು)

ಇಬ್ಬರಿಗೂ ಧನ್ಯವಾದಗಳು. ತಮ್ಮನ ಬಳಿ ಮಲ್ಟಿಮೀಟರ್ ಇತ್ತು, ಭಾನುವಾರ ಬೆಳಿಗ್ಗೆ ಇಬ್ಬರೂ ಕುಳಿತು ಅಳೆದೆವು. ಪರದೆ ಆರಿಸಿ ಇಪ್ಪತ್ತು ನಿಮಿಷ ಕಳೆದ ಮೇಲೂ ಮೀಟರ್ 0.42 ಆಂಪಿಯರ್ ತೋರಿಸಿತು. ಸ್ಟೀರಿಯೊದ ಹಿಂದಿರುವ ಫ್ಯೂಸ್ ಕಿತ್ತ ಕೂಡಲೇ 0.02ಕ್ಕೆ ಇಳಿಯಿತು.

ಆ ಫ್ಯೂಸ್ ಕೀಳುವುದಕ್ಕಾಗಿ ಫ್ರೇಮ್ ತೆಗೆದಾಗ ತಂತಿಗಳನ್ನು ನೋಡಿದೆವು. ನೀವು ಹೇಳಿದ ಹಾಗೆಯೇ ಇದೆ. ಕಾರಿನ ಕಂಪನಿ ಕಪ್ಲರನ್ನು (ತಂತಿಗಳನ್ನು ಒಟ್ಟಿಗೆ ಜೋಡಿಸುವ ಪ್ಲಗ್) ಕತ್ತರಿಸಲಾಗಿದೆ, ಸ್ಟೀರಿಯೊದ ಕೆಂಪು ಮತ್ತು ಹಳದಿ ಎರಡೂ ಒಂದೇ ತಂತಿಗೆ ತಿರುಚಿ ಸುತ್ತಲ್ಪಟ್ಟಿವೆ. ಮೇಲಿನ ಟೇಪಿನ ಅಂಟು ಬಿಸಿಗೆ ಕರಗಿ ಜಾರಿದೆ, ಬೆರಳಿಗೆ ಕಪ್ಪಗೆ ಅಂಟಿಕೊಳ್ಳುತ್ತದೆ, ಒಂದು ಕಡೆ ತಾಮ್ರದ ಎಳೆಗಳು ಅರ್ಧ ಇಂಚು ಹೊರಗೆ ಕಾಣುತ್ತಿವೆ. ನೋಡಿ ನಿಜವಾಗಿಯೂ ಗಾಬರಿಯಾಯಿತು. ಸ್ಟೀರಿಯೊದ ಕಪ್ಪು ತಂತಿಯನ್ನು ಡ್ಯಾಶ್‌ಬೋರ್ಡಿನ ಒಳಗಿನ ಒಂದು ಸಣ್ಣ ಸ್ಕ್ರೂಗೆ ಸಿಕ್ಕಿಸಿದ್ದಾರೆ, ಆ ಸ್ಕ್ರೂ ಪ್ಲಾಸ್ಟಿಕ್‌ಗೆ ಹೋಗಿದೆಯೋ ಕಬ್ಬಿಣಕ್ಕೆ ಹೋಗಿದೆಯೋ ತಿಳಿಯುತ್ತಿಲ್ಲ. ಇನ್ನು ಮುಂದೆ ಏನು ಮಾಡಬೇಕು?

ಕಾರು ಮಾಲೀಕರು (ದಾವಣಗೆರೆ)

ಬ್ಯಾಟರಿಯ ಮೈನಸ್ ಕಂಬಕ್ಕೆ ತಿರುಗಿಸುವ ಕಟ್-ಆಫ್ ಸ್ವಿಚ್ ಸಿಗುತ್ತದೆ, ನಾನು ಅದನ್ನೇ ಹಾಕಿಸಿದ್ದೇನೆ. ಕಾರು ನಿಲ್ಲಿಸಿ ಬಾನೆಟ್ ಎತ್ತಿ ತಿರುಗಿಸಿದರೆ ಆಯಿತು, ಏನನ್ನೂ ಬಿಚ್ಚುವ ತೊಂದರೆ ಇಲ್ಲ.

ಆಟೋ ಎಲೆಕ್ಟ್ರಿಷಿಯನ್ (ಹುಬ್ಬಳ್ಳಿ)

ದಾವಣಗೆರೆಯವರ ಸಲಹೆಯಿಂದ ಬ್ಯಾಟರಿ ಉಳಿಯುತ್ತದೆ, ಆದರೆ ರೋಗ ಹಾಗೆಯೇ ಉಳಿಯುತ್ತದೆ. ಸ್ವಿಚ್ ತಿರುಗಿಸಿದಾಗಲೆಲ್ಲ ಸೆಂಟ್ರಲ್ ಲಾಕ್ ಸತ್ತುಹೋಗುತ್ತದೆ, ಗಡಿಯಾರ ಅಳಿಯುತ್ತದೆ, ಸ್ಟೀರಿಯೊ ಪ್ರತಿ ಬಾರಿಯೂ ಮೊದಲಿನಿಂದ ಎದ್ದು ಬರಲು ಅರ್ಧ ನಿಮಿಷವಾದರೂ ತೆಗೆದುಕೊಳ್ಳುತ್ತದೆ. ಮೇಲಾಗಿ ತಾಮ್ರ ಹೊರಗೆ ಕಾಣುತ್ತಿದೆ ಎಂದು ಮೇಡಂ ಬರೆದಿದ್ದಾರೆ. ಅದು ಕಾರು ಓಡುವಾಗ ಲೋಹಕ್ಕೆ ತಾಗಿದರೆ ಯಾವ ಕಟ್-ಆಫ್ ಸ್ವಿಚ್ಚೂ ಕಾಪಾಡುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಮೂಲದಿಂದಲೇ ಸರಿ ಮಾಡಿಸಬೇಕು, ಅಲ್ಲಿಯವರೆಗೆ ಸ್ಟೀರಿಯೊದ ಫ್ಯೂಸ್ ಮತ್ತೆ ಹಾಕಬೇಡಿ, ಹೊರಗಿರುವ ತಾಮ್ರಕ್ಕೆ ಹೊಸ ಟೇಪ್ ಸುತ್ತಿಡಿ.

ನಿಮ್ಮ ಲೆಕ್ಕವೂ ಸರಿಯಾಗಿ ಕೂಡುತ್ತದೆ. ಫ್ಯೂಸ್ ಕಿತ್ತಾಗ ಉಳಿದದ್ದನ್ನು ಕಳೆದರೆ ಸ್ಟೀರಿಯೊ ಒಂದೇ 0.40 ಆಂಪಿಯರ್ ಎಳೆಯುತ್ತಿದೆ. ದಿನಕ್ಕೆ 24 ಗಂಟೆ ಅಂದರೆ 9.6 ಆಂಪಿಯರ್-ಅವರ್, ಮೂರು ದಿನಕ್ಕೆ ಸುಮಾರು 29. ಬ್ಯಾಟರಿಯ ಒಟ್ಟು ಶಕ್ತಿಯೇ 35. ಹೀಗೆ ಪೂರ್ತಿ ಖಾಲಿ ಮಾಡಿ ಮಾಡಿ ತುಂಬಿಸಿದರೆ ಸ್ಟಾರ್ಟಿಂಗ್ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ತಡಮಾಡಬೇಡಿ.

ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ ಕೆಲವು ನಿಮಿಷ ಬಿಡಿ. ಡ್ಯಾಶ್‌ಬೋರ್ಡಿನ ಒಳಗೆ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಬಾರದು, ಅದಕ್ಕೆ ಮೀಟರ್ ಕಡ್ಡಿಯನ್ನೂ ಹಚ್ಚಬಾರದು. ನಿಮ್ಮ ಕಾರಿನ ವರ್ಷ ಹೇಳಿದರೆ ಕಂಪನಿ ಸ್ಟೀರಿಯೊಗೆ ಹೊಂದುವ ಕಪ್ಲರ್ ಜೋಡಿ ಸಿಗುತ್ತದೆ, ಕೆಲವು ನೂರು ರೂಪಾಯಿಯ ವಸ್ತು. ಮೊದಲ ದಿನವೇ ಅದನ್ನು ಬಳಸಿದ್ದರೆ ಒಂದು ತಂತಿಯನ್ನೂ ಕತ್ತರಿಸಬೇಕಾಗಿರಲಿಲ್ಲ. ಈಗ ಕತ್ತರಿಸಿರುವುದರಿಂದ ಕಾರಿನ ಕಡೆಗೂ ಒಂದು ಹೊಸ ಕಪ್ಲರನ್ನು ಬೆಸುಗೆ ಹಾಕಿ ಕೂರಿಸಬೇಕಾಗುತ್ತದೆ. ಪ್ರತಿ ಬೆಸುಗೆಯ ಮೇಲೂ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ, ಬರಿಯ ಟೇಪ್ ಒಪ್ಪಬೇಡಿ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ನೆನಪಿಡಬೇಕು. ನಾನು ಹೇಳಿದ ಕೆಂಪು, ಹಳದಿ ಬಣ್ಣಗಳು ಸ್ಟೀರಿಯೊದ ಕಡೆಯ ತಂತಿಗಳಿಗೆ ಮಾತ್ರ ಅನ್ವಯಿಸುತ್ತವೆ. ಕಾರಿನ ಕಡೆಯ ಬಣ್ಣಗಳನ್ನು ಕಾರು ತಯಾರಕರು ತಮ್ಮದೇ ಕ್ರಮದಲ್ಲಿ ಕೊಟ್ಟಿರುತ್ತಾರೆ, ಆದ್ದರಿಂದ ಬಣ್ಣಕ್ಕೆ ಬಣ್ಣ ಹೊಂದಿಸಲು ಹೋಗಬಾರದು. ಬಿಡಿ ತಂತಿಗಳು ಒಂದಕ್ಕೊಂದು ತಾಗದಂತೆ ಬೇರ್ಪಡಿಸಿ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಮೀಟರನ್ನು ವೋಲ್ಟ್‌ಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕಾರಿನ ಲೋಹದ ಬಾಡಿಗೆ ಒತ್ತಿ, ಕೆಂಪು ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿ ನೋಡಿ. ಕೀಲಿ ಇಲ್ಲದಿದ್ದರೂ 12 ವೋಲ್ಟ್ ತೋರಿಸುವುದು ಹಳದಿಗೆ. ಕೀಲಿಯನ್ನು ಮೊದಲ ಹಂತಕ್ಕೆ ತಿರುಗಿಸಿದಾಗ 12 ಬಂದು, ತೆಗೆದಾಗ ಸೊನ್ನೆಯಾಗುವುದು ಕೆಂಪಿಗೆ. ಪಾರ್ಕಿಂಗ್ ಲೈಟ್ ಹಾಕಿದಾಗ ಮಾತ್ರ 12 ತೋರಿಸುವ ತಂತಿ ಸಿಕ್ಕರೆ ಅದನ್ನು ಸ್ಟೀರಿಯೊದ ಕಿತ್ತಳೆ ತಂತಿಗೆ ಕೊಡಿ, ರಾತ್ರಿ ಪರದೆ ತಾನಾಗಿ ಮಂಕಾಗುತ್ತದೆ. ಜೋಡಿಸುವ ಮೊದಲು ಬ್ಯಾಟರಿಯ ಮೈನಸ್ಸನ್ನು ಮತ್ತೆ ಬಿಚ್ಚಲೇಬೇಕು. ಕಪ್ಪು ತಂತಿಯನ್ನು ಬಣ್ಣ ಕೆರೆದು ಹೊಳೆಯುವಂತೆ ಮಾಡಿದ ಬಾಡಿಯ ಲೋಹಕ್ಕೆ, ರಿಂಗ್ ಟರ್ಮಿನಲ್ ಹಾಕಿ ಬೋಲ್ಟಿನಿಂದ ಬಿಗಿಯಬೇಕು. ಅರ್ತಿಂಗ್ ಸಡಿಲವಾಗಿದ್ದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಂಯ್ ಎನ್ನುವ ಸದ್ದು ಸ್ಪೀಕರಿನಲ್ಲಿ ಬರುತ್ತದೆ.

ಧ್ವನಿ ತೆಳುವಾಗಿರುವುದಕ್ಕೂ ಕಾರಣ ಇಲ್ಲಿಯೇ ಇದೆ ಎಂದುಕೊಂಡಿದ್ದೇನೆ. ಸ್ಟೀರಿಯೊದ ಬಿಳಿ ತಂತಿ ಮುಂದಿನ ಎಡ ಸ್ಪೀಕರಿಗೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇರುವುದು ಆಯಾ ಸ್ಪೀಕರಿನ ಮೈನಸ್. ಒಂದು ಸ್ಪೀಕರಿನ ಪ್ಲಸ್-ಮೈನಸ್ ಅದಲುಬದಲಾದರೆ ಒಂದು ಸ್ಪೀಕರಿನ ಪೊರೆ ಮುಂದಕ್ಕೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ, ಎರಡೂ ಸೇರಿ ಮಂದ್ರ ಸ್ವರವನ್ನು ಅಳಿಸಿಹಾಕುತ್ತವೆ. ಹೊಸ ಕಪ್ಲರ್ ಕೂರಿಸಿದ ಮೇಲೆ ಹೀಗೆ ಪರೀಕ್ಷಿಸಿ: ಧ್ವನಿಯನ್ನು ಮುಂದಿನ ಸ್ಪೀಕರುಗಳಿಗೆ ಮಾತ್ರ ಬಿಟ್ಟು, ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಸರಿಸಿ ಕೇಳಿ, ಆಮೇಲೆ ನಡುವಿಗೆ ತನ್ನಿ. ನಡುವಿಗೆ ಬಂದಾಗ ಬೇಸ್ ಕಡಿಮೆಯಾದರೆ ಒಂದು ಬದಿ ತಿರುಗುಮುರುಗಾಗಿದೆ. ಯಾವ ಸ್ಪೀಕರಿನ ಮೈನಸ್ಸನ್ನೂ ಕಾರಿನ ಬಾಡಿಗೆ ಕಟ್ಟಬಾರದು, ಕಟ್ಟಿದರೆ ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಹಿರಿಯ ರೇಡಿಯೊ ಕೇಳುಗರು (ಮೈಸೂರು)

100.6ರ ಸಮಸ್ಯೆಗೆ ಏನನ್ನೂ ಬಿಚ್ಚಬೇಕಾಗಿಲ್ಲ, ಅಮ್ಮಾ. ರೇಡಿಯೊದ ಸೆಟ್ಟಿಂಗಿನಲ್ಲಿ ಪ್ರದೇಶ ಎಂಬುದು ಅಮೆರಿಕ ಎಂದು ಇರಬೇಕು. ಆ ದೇಶದ ಎಫ್‌ಎಂ ಕೇಂದ್ರಗಳು 0.2 ಅಂತರದಲ್ಲಿ ಇರುತ್ತವೆ, ಎಲ್ಲದರ ಕೊನೆಯೂ ಬೆಸ ಅಂಕಿಯೇ. ಹಾಗಾಗಿ ನಿಮ್ಮ ಸ್ಟೀರಿಯೊ 100.5 ಬಿಟ್ಟರೆ 100.7ಕ್ಕೇ ನೆಗೆಯುತ್ತಿದೆ. ಖಾಸಗಿ ಕೇಂದ್ರಗಳಲ್ಲಿ ಅನೇಕವು ಬೆಸ ಅಂಕಿಯಲ್ಲಿ ಮುಗಿಯುವುದರಿಂದ ಅಂಗಡಿಯಲ್ಲಿ ಪರೀಕ್ಷಿಸುವಾಗ ಈ ತೊಂದರೆ ಯಾರ ಗಮನಕ್ಕೂ ಬರುವುದಿಲ್ಲ. ಪ್ರದೇಶವನ್ನು ಯುರೋಪ್ ಅಥವಾ ಏಷ್ಯಾ ಎಂದು ಬದಲಿಸಿದರೆ ಹೆಜ್ಜೆ ಚಿಕ್ಕದಾಗಿ 100.6 ಸಿಗುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ಈ ಆಯ್ಕೆ ಫ್ಯಾಕ್ಟರಿ ಸೆಟ್ಟಿಂಗಿನ ಒಳಗಿರುತ್ತದೆ, ಅದಕ್ಕೆ ಗುಪ್ತ ಸಂಖ್ಯೆ ಕೇಳುತ್ತದೆ. 8888 ಬಹಳ ಕಡೆ ನಡೆಯುತ್ತದೆ. ಒಳಗೆ ಹೋದ ಮೇಲೆ ಇದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಬದಲಿಸಬೇಡಿ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಆರಂಭಿಸಿದ್ದು ನಮ್ಮ ಮೈಸೂರಿನಲ್ಲಿ, ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದೂ ಇಲ್ಲಿಂದಲೇ. ಅದೇ ಊರಿನ ಕಾರಿನಲ್ಲಿ ಆಕಾಶವಾಣಿ ಕೇಳಿಸದಿದ್ದರೆ ತಂದೆಯವರಿಗೆ ಬೇಸರವಾಗುವುದು ಸಹಜ. ಬದಲಿಸಿದ ಮೇಲೂ ಗೊರಗೊರ ಎಂದರೆ ಆಂಟೆನಾ ಪ್ಲಗ್ ಪೂರ್ತಿ ಒಳಗೆ ಕೂತಿದೆಯೇ ನೋಡಿಸಿ. ನಿಮ್ಮ ಆಂಟೆನಾದಲ್ಲಿ ಬೂಸ್ಟರ್ ಇದ್ದರೆ ಸ್ಟೀರಿಯೊದ ನೀಲಿ ತಂತಿಯಿಂದ ಅದಕ್ಕೆ ವಿದ್ಯುತ್ ಕೊಡಬೇಕಾಗುತ್ತದೆ.

ಕಾರು ಮಾಲೀಕರು (ಕಲಬುರಗಿ)

ನಾನೂ ಇದೇ ಬೆಲೆಯ ಸ್ಟೀರಿಯೊ ಬಳಸುತ್ತಿದ್ದೇನೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕಾರಿನ ಒಳಗೆ ಅದಕ್ಕಿಂತಲೂ ಬಹಳ ಹೆಚ್ಚು. ಕಳೆದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕಾರು ಹತ್ತಿದರೆ ಪರದೆ ಬೆರಳಿಗೆ ಸ್ಪಂದಿಸುತ್ತಲೇ ಇರಲಿಲ್ಲ, ಕಾಲು ಗಂಟೆ ಎಸಿ ಓಡಿದ ಮೇಲೆ ಸರಿಹೋಗುತ್ತಿತ್ತು. ಬಿಚ್ಚಿ ನೋಡಿದಾಗ ಹೆಚ್ಚುವರಿ ತಂತಿಗಳನ್ನೆಲ್ಲ ಉಂಡೆ ಮಾಡಿ ಸ್ಟೀರಿಯೊದ ಲೋಹದ ಬೆನ್ನಿಗೆ ಒತ್ತಿ ತುರುಕಿದ್ದರು, ಗಾಳಿ ಆಡುವುದಕ್ಕೆ ಜಾಗವೇ ಇರಲಿಲ್ಲ. ಆ ತಂತಿಗಳನ್ನು ಕೆಳಗಿನ ಪೊಳ್ಳಿಗೆ ಇಳಿಸಿ, ಅಲುಗಾಡದಂತೆ ಸ್ಪಂಜಿನ ಪಟ್ಟಿ ಸುತ್ತಿ ಕಟ್ಟಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ಹೋಗಿದೆ. ಬಿಸಿಲಿನಲ್ಲಿ ನಿಲ್ಲಿಸುವಾಗ ಮುಂದಿನ ಗಾಜಿಗೆ ಸನ್‌ಶೇಡ್ ಹಾಕುತ್ತೇನೆ.

ಪೆಟ್ಟಿಗೆಯ ಮೇಲೆ 4×60 ವ್ಯಾಟ್ ಎಂದು ಬರೆದಿರುವುದನ್ನು ನಂಬಿ ಅದಕ್ಕೆ ತಕ್ಕ ದೊಡ್ಡ ಸ್ಪೀಕರ್ ಕೊಳ್ಳಲು ಹೋಗಬೇಡಿ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ವೋಲ್ಟೇಜ್ ಹೆಚ್ಚಿಸುವ ಪ್ರತ್ಯೇಕ ಸರ್ಕ್ಯೂಟ್ ಇಲ್ಲದಿದ್ದರೆ 4 ಓಮ್ ಸ್ಪೀಕರಿಗೆ ಒಡಕಿಲ್ಲದೆ ಕೊಡಬಹುದಾದ ಶಕ್ತಿ, ಲೆಕ್ಕದ ಪ್ರಕಾರವೇ, 26 ವ್ಯಾಟ್ ದಾಟುವುದಿಲ್ಲ. ನಷ್ಟವೆಲ್ಲ ಕಳೆದು ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ.

ಕಾಫಿ ತೋಟದವರು (ಸಕಲೇಶಪುರ)

ಕ್ಯಾಮೆರಾದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಚಿತ್ರ ಕಪ್ಪು-ಬಿಳುಪಾಗಿ ಉರುಳುತ್ತಿದ್ದರೆ ಕ್ಯಾಮೆರಾ ಕಳುಹಿಸುವ ವಿಡಿಯೊ ಮಾದರಿಯೂ ಸ್ಟೀರಿಯೊ ನಿರೀಕ್ಷಿಸುವ ಮಾದರಿಯೂ ಬೇರೆಯಾಗಿವೆ ಎಂದರ್ಥ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್, ಎನ್‌ಟಿಎಸ್‌ಸಿ, ಎಎಚ್‌ಡಿ 720 ಎಂಬ ಆಯ್ಕೆಗಳಿರುತ್ತವೆ. ಒಂದೊಂದನ್ನೇ ಆರಿಸಿ, ರಿವರ್ಸ್ ಗೇರ್ ಹಾಕಿ ನೋಡಿ, ಒಂದರಲ್ಲಿ ಬಣ್ಣ ಬಂದು ಚಿತ್ರ ನಿಲ್ಲುತ್ತದೆ. ಯಾವುದರಲ್ಲೂ ನಿಲ್ಲದಿದ್ದರೆ ಆಗ ಡಿಕ್ಕಿಯ ಕಡೆಯ ತಂತಿಯನ್ನು ನೋಡಿದರಾಯಿತು.

ನಕ್ಷೆಯ ವಿಷಯ. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ದೂರದವರೆಗೆ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಮನೆಯ ವೈಫೈನಲ್ಲಿಯೇ ಆಫ್‌ಲೈನ್ ನಕ್ಷೆಯನ್ನು ಇಳಿಸಿಕೊಂಡು ಹೊರಡುತ್ತೇವೆ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಾಗಿಲ್ಲ, ಆಕಾಶ ಕಂಡರೆ ಸಾಕು. ಜೊತೆಗೆ ಬರುವ ಕಪ್ಪು ಚೌಕದ ಆಂಟೆನಾವನ್ನು ಸ್ಟೀರಿಯೊದ ಹಿಂದೆ ಲೋಹದ ನಡುವೆ ಬಿಟ್ಟಿದ್ದರೆ ಬಾಣ ಪಕ್ಕದ ರಸ್ತೆಯಲ್ಲಿ ಓಡುತ್ತದೆ. ಅದನ್ನು ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಅಂಟಿಸಿ. ಹುಬ್ಬಳ್ಳಿಯವರು ಹೇಳಿದ ಕಿತ್ತಳೆ ತಂತಿಯನ್ನಂತೂ ಬಿಡಬೇಡಿ. ಮಳೆಗಾಲದ ರಾತ್ರಿ ಮಂಜಿನಲ್ಲಿ ಘಾಟಿ ಇಳಿಯುವಾಗ ಒಂಬತ್ತು ಇಂಚಿನ ಬಿಳಿ ಬೆಳಕು ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ, ತಿರುವಿನ ಬಿಳಿ ಗೆರೆಯೇ ಕಾಣದ ಹಾಗೆ ಮಾಡುತ್ತದೆ. ಅದೇ ಕಾರಣಕ್ಕೆ, ಹ್ಯಾಂಡ್‌ಬ್ರೇಕ್ ತಂತಿಯನ್ನು ಕಾರಿನ ಲೋಹದ ಬಾಡಿಗೆ ಕಟ್ಟಿ ಓಡುವ ಕಾರಿನಲ್ಲಿ ವಿಡಿಯೊ ಬರುವಂತೆ ಮಾಡಿಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರು (ಮೈಸೂರು)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬೇರೆಯೊಬ್ಬ ಎಲೆಕ್ಟ್ರಿಷಿಯನ್‌ಗೆ ಈ ಉತ್ತರಗಳನ್ನೆಲ್ಲ ತೋರಿಸಿದೆ. ಅವರು ಅರ್ಧ ದಿನ ಕುಳಿತು ಎರಡೂ ಕಡೆ ಹೊಸ ಕಪ್ಲರ್ ಬೆಸೆದರು, ಪ್ರತಿಯೊಂದು ತಂತಿಯನ್ನೂ ಮೀಟರಿನಿಂದ ನೋಡಿಯೇ ಜೋಡಿಸಿದರು. ಕೂಲಿ ಮತ್ತು ಸಾಮಾನು ಸೇರಿ 1,400 ರೂಪಾಯಿ ಆಯಿತು. ಕಪ್ಪು ತಂತಿ ಸಿಕ್ಕಿಸಿದ್ದ ಸ್ಕ್ರೂ ಪ್ಲಾಸ್ಟಿಕ್‌ನ ಒಳಗೇ ಇತ್ತು, ಆಂಟೆನಾ ಕೇಬಲಿನ ಹೊರಕವಚದ ಮೂಲಕ ಸ್ಟೀರಿಯೊ ಹೇಗೋ ಅರ್ತ್ ಪಡೆಯುತ್ತಿತ್ತು ಎಂದು ಅವರು ತೋರಿಸಿದರು. ಮುಂದಿನ ಬಲ ಸ್ಪೀಕರ್ ಅದಲುಬದಲಾಗಿದ್ದುದೂ ನಿಜ. ಸರಿಮಾಡಿದ ಕೂಡಲೇ ಅದೇ ಕಚೇರಿಯ ಧ್ವನಿಮುದ್ರಣವನ್ನು ಹಾಕಿಸಿ ಕೇಳಿದೆ, ಮೃದಂಗ ತುಂಬಿ ಬಂತು.

ಈಗ ಕೀಲಿ ತೆಗೆದರೆ ಪರದೆ ತಾನಾಗಿ ಆರುತ್ತದೆ, ಮರುದಿನ ಕೀಲಿ ತಿರುಗಿಸಿದರೆ ಎರಡು ಸೆಕೆಂಡಿನಲ್ಲಿ ಏಳುತ್ತದೆ. ಮೀಟರ್ ಒಟ್ಟು 0.03 ಆಂಪಿಯರ್ ತೋರಿಸುತ್ತಿದೆ. ಕಾರನ್ನು ಹನ್ನೊಂದು ದಿನ ಮುಟ್ಟದೆ ಬಿಟ್ಟು ನಿನ್ನೆ ನೋಡಿದೆ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು. ಕ್ಯಾಮೆರಾಕ್ಕೆ ಎಎಚ್‌ಡಿ 720 ಹೊಂದಿಕೆಯಾಯಿತು. ಎಪಿಐ ಲೆವೆಲ್ 27 ಎಂದಿದೆ, ಅಂದರೆ ಪೆಟ್ಟಿಗೆಯ ಮೇಲಿನ 13 ನಿಜವಲ್ಲ. ಅದನ್ನು ಮಾರಿದವರಿಗೆ ಬಿಲ್ ಸಮೇತ ಬರವಣಿಗೆಯಲ್ಲಿ ತಿಳಿಸಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ರೇಡಿಯೊದ ಪ್ರದೇಶವನ್ನು ಯುರೋಪ್ ಎಂದು ಬದಲಿಸಿದಾಗ ತಂದೆಯವರು ಪಕ್ಕದಲ್ಲಿಯೇ ಕುಳಿತಿದ್ದರು. 100.6 ಅನ್ನು ಮೊದಲನೆಯ ಗುಂಡಿಗೆ ಉಳಿಸಿಕೊಟ್ಟಿದ್ದೇನೆ. ಈಗ ಕಾರು ಹತ್ತಿದ ಕೂಡಲೇ ಅವರೇ ಅದನ್ನು ಒತ್ತುತ್ತಾರೆ.